ಅಡ್ಡಿಲ್ಲ ಅಂದ್ರೆ ಯಾವ ಮನೆ?

...ಇಲ್ಲ, ಇಲ್ಲ, ಶೇಂಗಾ ಬಿಡಿಸ್ತಾನೇ ಕೇಳಿ, ಕೈ ನಿಲ್ಲಿಸೂದು ಬ್ಯಾಡ. ಸರ್ವೇ ಕೆಲ್ಸ ಅಂದ್ರೆ ಮನೆಮನೆಗೆ ಹೋಗಿ ಚಾ ಕುಡ್ದು ಬರೂದು ಅಂದ್ಕಂಡ್ರಾ? ಬೇಲೆಕೇರಿ ಬಿಸಿಲಿಗೆ ಇವತ್ತು ತಲೆ ಸಿಡ್ದು ಹೋಯ್ತು. ಅದ್ರ ಮೇಲೆ ನಮ್ಮ ಸೂಪರ್‌ವೈಸರ್ ರಾಮನಾಥ ಸರ್ ಬೈಗುಳ ಬೇರೆ. ಎಲ್ರ ಎದ್ರಿಗೆ! "ಏನ್ರೀ ಕಲಾವತಿ, ನಿಮ್ಮ ಊರಿನವ್ರಿಗೆ ಬಾಯಿಲ್ವಾ? ಎಲ್ಲಾ ಟಿಕ್ಕೂ ನಡುವಿನ ಮನೆಗೇ ಬಿದ್ದಿದೆಯಲ್ಲ!"

ಎಂತಕೆ ನಗ್ತ್ರಿ? ಪೂರ್ತಿ ಕೇಳಿ. ಫಾರ್ಮಲ್ಲಿ ಒಂದೊಂದು ಪ್ರಶ್ನೆಗೂ ಐದು ಚೌಕದ ಮನೆ. ಬಹಳ ಸಮಾಧಾನ, ಸಮಾಧಾನ, ಎರಡೂ ಅಲ್ಲ, ಅಸಮಾಧಾನ, ಬಹಳ ಅಸಮಾಧಾನ. ಜನ ಹೇಳಿದ್ದು ಯಾವ ಮನೆಗೆ ಬತ್ತದೆ ನೋಡಿ ಟಿಕ್ ಹಾಕ್ಬೇಕು. ಈಗ ಆ ದೇವಿ... ಹಾಂ, ಬಂದರಿನ ಹತ್ರ ಮೀನು ಒಣಗಿಸ್ತಾಳಲ್ಲ, ಅವಳೇ. ಬಾವಿ ನೀರು ಉಪ್ಪಾಗಿ ಹೋಗದೆ. ಅಂಗಳದ ತುಂಬ ಅದಿರಿನ ಕೆಂಪು ಧೂಳು. "ಹೇಗದೆ ದೇವಕ್ಕಾ ಇಲ್ಲಿ?" ಅಂದ್ರೆ, "ಅಡ್ಡಿಲ್ಲ"! ಪಕ್ಕದ ಕುಸುಮಾ, ಹೊಸಾ ಮನೆ ಕಟ್ಸಿ ಬಳೆ ಕುಣಿಸ್ತಾ ನಿಂತವಳು, ಅವಳೂ "ಅಡ್ಡಿಲ್ಲ"! ನಾನು ಎಲ್ಲಿಗೆ ಹಾಕ್ಲಿ ಹೇಳಿ? ಇಬ್ರನ್ನೂ ನಡುವಿಗೆ ದಬ್ಬಿದೆ.

ಸರ್ ಮೈಸೂರು ಕಡೆಯವ್ರು, ಪಾಪ. "ಅಡ್ಡಿಲ್ಲ ಅಂದ್ರೆ ಆಕ್ಷೇಪಣೆ ಇಲ್ಲ ಅಂತಲಾ?" ಕೇಳ್ತಾರೆ! ಅಲ್ಲ ಸರ್, ಚಲೋ ಇದ್ರೂ ಅಡ್ಡಿಲ್ಲ, ಹೇಗೋ ನಡೀತದೆ ಅಂದ್ರೂ ಅಡ್ಡಿಲ್ಲ, ಹೇಳೂಕೆ ಮನಸಿಲ್ದಿದ್ರೂ ಅಡ್ಡಿಲ್ಲ ಅಂದೆ. ಅವ್ರು ತಲೆ ಹಿಡ್ಕಂಡು ಕೂತ್ರು. ಕಡೆಗೆ ಹೊಸಾ ಕಾನೂನು ಮಾಡಿದ್ರು. ಯಾರು ಅಡ್ಡಿಲ್ಲ ಅಂದ್ರೂ ತಿರುಗಿ ಕೇಳ್ಬೇಕು: ಒಳ್ಳೇ ಬದಿಗೋ, ಕೆಟ್ಟ ಬದಿಗೋ?

ಮತ್ತೆ ಹೋಗಿ ಕೇಳ್ದೆ ದೇವಿಯನ್ನ. ಮೀನಿನ ಬುಟ್ಟಿ ಕೆಳಗಿಟ್ಟು ಗೊಳೋ ಅಂತ ಅತ್ಬಿಟ್ಲು ರೀ. "ಕೆಟ್ಟ ಬದಿಗೇ, ತಂಗಿ." ಮೊದ್ಲ ಸಲವೂ ಅದನ್ನೇ ಹೇಳಿದ್ಲೋ ಏನೋ. ನಂಗೆ ಕೇಳ್ಲಿಲ್ಲ.

...ನಿಮ್ಮನ್ನೂ ಕೇಳ್ಲಾ? ಸುಮ್ನೆ, ಅಭ್ಯಾಸಕ್ಕೆ. ಓ, ಮುಖ ಗಂಟು ಹಾಕೂದು ಬ್ಯಾಡ ಮಾರಾಯ್ರೇ! ಸಾರು ಹೇಗಿತ್ತು? ಅಡ್ಡಿಲ್ಲ. ಕಾಲುನೋವು? ಅಡ್ಡಿಲ್ಲ. ವರ್ಷವಾಯ್ತು, ನಿಮ್ಮ ಬಾಯಿಂದ ಬೇರೆ ಮಾತು ಕೇಳಿ. ಭರತ ಹೋದ ಮೇಲೆ... ಎಲ್ಲಿಗೆ ಎದ್ರಿ? ಕೂಕಳ್ಳಿ. ಮಗನ ಹೆಸ್ರು ಬಂತು ಅಂದ್ರೆ ನೀವು ಎದ್ದು ಗದ್ದೆಗೆ ಹೋಗ್ತ್ರಿ. ನಾನು ಎಲ್ಲಿಗೆ ಹೋಗ್ಲಿ?

ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ಎಷ್ಟು ಸಲ ಹೇಳಿದ್ದೆ! ಅವ್ನಿಗೆ ಜ್ವರ ಏರಿತ್ತು, ಕಾರವಾರದ ಆಸ್ಪತ್ರೆಗೆ ನೀವು ಎತ್ಕಂಡು ಓಡಿದ್ರಿ. ಸಣ್ಣವಳು ನಿಶಾಗೂ ಮೈ ಸುಡ್ತಿತ್ತು, ನಾನು ಇಲ್ಲೇ ಉಳ್ದೆ. ಯಾರ ತಪ್ಪೂ ಅಲ್ಲ. ಅಲ್ವಾ? ಸಂಜೆ ತುಳಸಿದಾಸನ ಅಂಗಡಿಗೆ ಫೋನ್ ಮಾಡಿದ್ರಿ. ತಲೆ ಬಾಚಿದ್ದೂ ಅರ್ಧ, ಹಾಗೇ ಅಂಗಡಿಗೆ ಓಡಿದೆ. "ಹೇಗಿದ್ದಾನೆ?" ಅಂದೆ. "ಅಡ್ಡಿಲ್ಲ" ಅಂದ್ರಿ. "ಹಾಗಾರೆ ಬೆಳಿಗ್ಗೆ ಬತ್ತೆ" ಅಂದೆ. "ಹೂಂ" ಅಂದ್ರಿ.

ನಂಗೆ ಖುಷಿಯಾಗಿ ಹೋಯ್ತು! ತುಳಸಿದಾಸನ ಹೆಂಡ್ತಿಗೂ ಹೇಳ್ದೆ, ಹುಡುಗ ಹುಷಾರಾದ ಅಂದೇಳಿ. ಮನೆಗೆ ಬಂದು ಗಂಜಿ ಉಂಡೆ. ನಿದ್ದೆ ಮಾಡ್ದೆ ರೀ... ನಿದ್ದೆ ಮಾಡ್ದೆ! ಬೆಳಿಗ್ಗೆ ಕಾರವಾರದಲ್ಲಿ ಬಸ್ ಇಳ್ದ್ರೆ ನೀವು ಒಬ್ರೇ ನಿಂತಿದ್ರಿ.

ಆ ಅಡ್ಡಿಲ್ಲ ಯಾವ ಬದೀದು?

...ಇಲ್ಲ, ಸರ್ವೇದಲ್ಲ. ಇದು ಯಾವ ಸರ್ವೇದಲ್ಲೂ ಇಲ್ಲ. ಹೇಳಿ. ಒಳ್ಳೇ ಬದೀದೋ, ಕೆಟ್ಟ ಬದೀದೋ? ಫೋನ್ ಹಿಡ್ದಾಗ್ಲೇ ಗೊತ್ತಿತ್ತಾ ನಿಮಗೆ? ಡಾಕ್ಟರು ಹೇಳಿದ್ರಾ? ...ನನ್ನ ಮುಖ ನೋಡಿ. ಕಾಳು ಯಾಕೆ ಸಿಪ್ಪೆಗೆ ಹಾಕ್ತ್ರಿ?

ಗೊತ್ತಿತ್ತು.

ನಾನು ಗಾಬರಿಯಾಗ್ತೆ ಅಂದೇಳಿ ಹಾಗಂದ್ರಾ? ಇಲ್ಲಾ, ನಿಮ್ಮ ದನಿ ಕೇಳಿ ನಾನೇ ತಿಳ್ಕಳ್ತೆ ಅಂದ್ಕಂಡ್ರಾ? ಮಾತಾಡಿ... ಅವ್ನು ನನ್ನ ಕೇಳಿದ್ನಾ? ಆಯಿ ಎಲ್ಲಿ ಅಂದೇಳಿ? ...ಕೇಳಿದ್ನಾ ರೀ?

ಕೇಳಿದ್ದ. ದೇವರೇ...

ಸಿಟ್ಟಿಲ್ಲ ಅಂದದ್ದೆಲ್ಲ ಸುಳ್ಳು. ವರ್ಷಪೂರ್ತಿ ಸುಳ್ಳು ಹೇಳ್ದೆ ನಿಮಗೆ. ಸಿಟ್ಟದೆ. ನಿಮಗೆ ಅನ್ನ ಬಡಿಸೂವಾಗೂ ಸಿಟ್ಟದೆ. ಬಾ ಅಂತ ಒಂದು ಮಾತು ಸಾಕಿತ್ತು. ಬಸ್ಸು ತಪ್ಪಿದ್ರೂ ನಿಶಾನ ಸೊಂಟಕ್ಕೆ ಕಟ್ಕಂಡು ನಡ್ದೇ ಬರ್ತಿದ್ದೆ ನಾನು.