ಹೊಗೆಯ ಲೆಕ್ಕ ತಪ್ಪಿದ್ದು ಎಲ್ಲಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಮೂರು ಪಾಳಿಗಳ ನನ್ನ ಸಹೋದ್ಯೋಗಿಗಳೇ, ಅವರ ಮನೆಯವರೇ, ಮತ್ತು ಊಟಕ್ಕೆ ಮೊದಲೇ ಬಂದು ಸಿಕ್ಕಿಬಿದ್ದಿರುವ ಸಭಿಕರೇ,

ಇಂಧನ ಉಳಿತಾಯದ ಈ ಸಮಾರಂಭದಲ್ಲಿ ನನ್ನನ್ನು ಪರಿಚಯಿಸಿದವರು 'ಪ್ರಾಮಾಣಿಕ' ಎಂಬ ಪದವನ್ನು ಮೂರು ಸಲ ಬಳಸಿದರು. ಮೂರು ಸಲ ಹೇಳಬೇಕಾಗಿ ಬಂದ ಯಾವ ಮಾತನ್ನೂ ನಾನು ನಂಬುವವನಲ್ಲ. ಇದೇ ಕಾರಣಕ್ಕೆ ನಮ್ಮ ಉಪಕರಣ ವಿಭಾಗದಲ್ಲಿ ನನಗೆ 'ಅನುಮಾನಪ್ಪ' ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತೀರಿ. ನನಗೆ ಗೊತ್ತಿದೆ.

ಈ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದೇನು? ಮಾಪಕಗಳನ್ನು ಅನುಮಾನಿಸಿದ್ದು. ಉಷ್ಣತೆ ಇಷ್ಟು ಎಂದು ಮುಳ್ಳು ತೋರಿಸಿದರೆ, ನಿಜವೇ ಎಂದು ಕೇಳುವುದು. ಅದಕ್ಕೇ ನನಗೆ ಸಂಬಳ. ಕಷ್ಟವೇನೆಂದರೆ, ಸಂಜೆ ಗೇಟು ದಾಟಿದ ಮೇಲೂ ಅದು ನಿಲ್ಲುವುದಿಲ್ಲ. ಮಗಳು ಒಮ್ಮೆ ಹೇಳಿದಳು: "ಅಪ್ಪಾ, ನಂಗೆ ಜ್ವರ ಅಂದ್ರೆ ನೀನು ನಂಬಲ್ಲ. ಥರ್ಮಾಮೀಟರ್ ಹೇಳಿದ್ರೆ, ಇನ್ನೊಂದು ಥರ್ಮಾಮೀಟರ್ ತರ್ತೀಯ." ನನ್ನ ತಮ್ಮ ನಮ್ಮ ಮನೆಯ ಮೆಟ್ಟಿಲು ಹತ್ತಿ ಎಂಟು ವರ್ಷವಾಯಿತು. ಅದು ಬೇರೆ ವಿಷಯ, ಬಿಡಿ.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ದೊಡ್ಡ ಕುಲುಮೆಯ ಚಿಮಣಿಯಲ್ಲಿ ಗಂಧಕದ ಹೊಗೆ ಇದ್ದಕ್ಕಿದ್ದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇಳಿದದ್ದು ಹೊಗೆಯಲ್ಲ, ಅಂಕಿ. ಎಲ್ಲರಿಗೂ ಸಂತೋಷ. ನನಗೆ ಮಾತ್ರ ಅನುಮಾನ. ಉರಿಸುವ ಎಣ್ಣೆ ಅದೇ, ಕುಲುಮೆ ಅದೇ, ಹೊಗೆ ಮಾತ್ರ ಹೇಗೆ ಕಡಿಮೆಯಾಯಿತು? ಹೊಸದಾಗಿ ಬಂದದ್ದು ಏನು? ಪರಿಸರ ವಿಭಾಗಕ್ಕೆ ಆ ತಿಂಗಳೇ ಬಂದ ಇಂಜಿನಿಯರ್ ಮೇಡಂ!

ಅವರು ನನ್ನ ಕೋಣೆಗೆ ಬಂದು, ನಿಂತುಕೊಂಡೇ ಕೇಳಿದರು: "ಸರ್, ಈ ರೀಡಿಂಗ್ ತುಂಬಾ ಕಮ್ಮಿ ಅನ್ಸಲ್ವಾ? ನನಗ್ಯಾಕೋ ಡೌಟು."

ನೋಡಿ, ನನ್ನ ಬುದ್ಧಿ ಹೇಗೆ ಓಡಿತು! ತಾನೇ ಮೊದಲು ಕೂಗಿಟ್ಟರೆ ತನ್ನ ಮೇಲೆ ಬರುವುದಿಲ್ಲ ಎಂಬ ಉಪಾಯ ಇದು ಎಂದುಕೊಂಡೆ. ಮಾಪಕದ ಕ್ಯಾಬಿನ್ನಿಗೆ ಅವರು ಎಷ್ಟು ಸಲ ಹತ್ತುತ್ತಾರೆ ಎಂದು ಎಣಿಸಿದೆ. ವಾರಕ್ಕೆ ನಾಲ್ಕು ಸಲ. ಬರುವಾಗ ಕೈಯಲ್ಲಿ ಪುಸ್ತಕ, ಹೋಗುವಾಗಲೂ ಪುಸ್ತಕ. ಅದರಲ್ಲಿ ಏನಿತ್ತು? ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತಿತ್ತು.

ಅಷ್ಟರಲ್ಲಿ ಮೇಲಧಿಕಾರಿಗಳಿಗೆ ಒಂದು ಪತ್ರ ಹೋಯಿತು. ಹೆಸರಿಲ್ಲ, ಮೂರೇ ಸಾಲು: ಮೇಡಂ ಮಾಪಕವನ್ನು ತಿದ್ದುತ್ತಿದ್ದಾರೆ, ಬಡ್ತಿಗಾಗಿ. ಅಕ್ಷರದ ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದದ್ದು. ಹಾಗೆಂದು ಆಮೇಲೆ ಕೇಳಿದೆ, ಅಷ್ಟೆ. ವಿಚಾರಣೆ ಮುಗಿಯುವವರೆಗೆ ಅವರನ್ನು ಉಗ್ರಾಣಕ್ಕೆ ಹಾಕಿದರು. ಮೂರು ವಾರ ಅವರು ಬೋಲ್ಟು ನಟ್ಟು ಎಣಿಸಿದರು. ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ನಾನೂ ಹೋಗಲಿಲ್ಲ.

ಕ್ಯಾಬಿನ್ನಿಗೆ ನಾನೇ ಬೀಗ ಹಾಕಿ ಕೀಲಿ ಜೇಬಿಗಿಳಿಸಿದೆ. ಇನ್ನು ಅಂಕಿ ಏರಲೇಬೇಕಲ್ಲ? ಏರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಅದೇ ಮುದ್ದಾದ ಸಣ್ಣ ಅಂಕಿ.

ಹತ್ತನೆಯ ದಿನ ಏಣಿ ಹತ್ತಿದೆ. ಚಿಮಣಿಯಿಂದ ಒಂದು ಸಣ್ಣ ಕೊಳವೆ ಹೊಗೆಯನ್ನು ಮಾಪಕಕ್ಕೆ ಎಳೆದು ತರುತ್ತದೆ. ಪರೀಕ್ಷೆಗೆಂದು ಅದರ ಬಾಯಿಯನ್ನು ನಾನೇ ಮುಚ್ಚಿ ನೋಡಿದೆ. ಹರಿವು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಾಯಿ ಮುಚ್ಚಿದ ಮೇಲೂ ಕೊಳವೆ ಏನನ್ನು ಎಳೆದುಕೊಳ್ಳುತ್ತಿದೆ? ಗಾಳಿಯನ್ನು! ಎಲ್ಲೋ ಒಂದು ಕಡೆ ಬಿರುಕಿನಿಂದ ಶುದ್ಧ ಗಾಳಿ ನುಗ್ಗಿ ಹೊಗೆಯನ್ನು ತೆಳ್ಳಗೆ ಮಾಡುತ್ತಿತ್ತು. ಒಂದೊಂದೇ ಜೋಡಣೆ ಬಿಚ್ಚುತ್ತ ಬಂದೆ. ಐದನೆಯದರಲ್ಲಿ ವಾಷರ್ ಓರೆಯಾಗಿ ಕೂತಿತ್ತು. ಅಲ್ಲಿ ಒಂದು ಚೀಟಿ ನೇತಾಡುತ್ತಿತ್ತು, ಕೊನೆಯ ಸಲ ಬಿಗಿ ಮಾಡಿದವರ ಸಹಿಯೊಂದಿಗೆ. ಸಹಿ ನನ್ನದು.

ಚೀಟಿ ಹರಿದುಹಾಕುವುದು ಸುಲಭವಿತ್ತು. ಹರಿಯಲಿಲ್ಲ, ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ವಾಷರ್ ಸರಿಪಡಿಸಿದೆ, ಅಂಕಿ ಹಳೆಯ ಜಾಗಕ್ಕೆ ಜಿಗಿಯಿತು, ಚೀಟಿ ಹಿಡಿದು ಮೇಲಧಿಕಾರಿಗಳ ಮುಂದೆ ನಿಂತೆ. ಅವರು ಬಾಗಿಲು ಮುಚ್ಚಿ, "ಇನ್ನೊಂದ್ಸಲ ನೋಡ್ರೀ. ಹಾಗೇ ಬಿಟ್ರೆ ಯಾರಿಗೇನು ನಷ್ಟ?" ಎಂದರು. ಮೇಡಂ ಉಗ್ರಾಣದಲ್ಲಿ ಇದ್ದಾರಲ್ಲ ಸಾರ್ ಎಂದೆ. ಆ ಅಧಿಕಾರಿ ಈಗ ನಿವೃತ್ತರು. ವೇದಿಕೆಯ ಕುರ್ಚಿಗಳ ಕಡೆ ನೋಡಬೇಡಿ.

ಮೇಡಂ ವಾಪಸು ಬಂದರು. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದು ಕಾದಿದ್ದೆ. "ಒಳ್ಳೇದಾಯ್ತು, ಎಲ್ಲಿದ್ದೀವಿ ಅಂತ ಈಗ ಗೊತ್ತಾಯ್ತು" ಎಂದು ಪುಸ್ತಕ ಬಿಚ್ಚಿದರು. ಅದರಲ್ಲಿ ಇದ್ದದ್ದು ಉಗಿ ಸೋರುವ ಜಾಗಗಳ ಪಟ್ಟಿ! ನೂರಾ ಎಂಬತ್ತು ಜಾಗ. ಒಂದೂವರೆ ವರ್ಷ ಒಂದೊಂದಾಗಿ ಮುಚ್ಚಿದೆವು. ಕುಲುಮೆಯ ಬಾಗಿಲುಗಳ ಸಂದು ಮುಚ್ಚಿದೆವು. ಹೊರಗೆ ಹೋಗುವ ಬಿಸಿ ಎಣ್ಣೆಯಿಂದಲೇ ಒಳಗೆ ಬರುವ ತಣ್ಣನೆಯ ಎಣ್ಣೆಯನ್ನು ಕಾಯಿಸಿದೆವು. ಸುಮ್ಮನೆ ಉರಿದುಹೋಗುತ್ತಿದ್ದ ಅನಿಲವನ್ನು ಹಿಡಿದು ಕುಲುಮೆಗೆ ಹಾಕಿದೆವು. ಇಂಧನ ಒಂಬತ್ತರಲ್ಲೊಂದು ಪಾಲು ಉಳಿಯಿತು. ಹೊಗೆ ನಿಜವಾಗಿ ಇಳಿಯಿತು. ಆ ಸುಳ್ಳು ಅಂಕಿಗಿಂತ ಇನ್ನೂ ತುಸು ಮೇಲೆಯೇ ಇದೆ, ಅದನ್ನೂ ಬರೆದುಕೊಳ್ಳಿ.

ಒಂದು ದಿನ ಕೊಳವೆಗಳ ನಡುವೆ ಕೆಲಸ ಮಾಡುವಾಗ ಅವರು ಕೇಳಿದರು: "ಆ ಪತ್ರ ಯಾರು ಬರ್ದಿರ್ಬಹುದು ಸರ್? ನಿಮಗೆ ಯಾರ ಮೇಲಾದ್ರೂ ಅನುಮಾನ ಇದ್ಯಾ?"

ಬದುಕಿನಲ್ಲಿ ಮೊದಲ ಸಲ ಹೇಳಿದೆ: "ಯಾರ ಮೇಲೂ ಇಲ್ಲಮ್ಮ."

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬರೆದು ತಂದ ಕಾಗದದಲ್ಲಿ ಇಲ್ಲ. ಆದರೆ ಎಡಗೈ ಎಂದು ನಾನು ಹೇಳಿದಾಗ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತ ಮೇಡಂ ತಲೆ ಎತ್ತಿದ್ದನ್ನು ನೋಡಿದೆ; ಅದು ಬರೆದವನಿಗಲ್ಲದೆ ಇನ್ನಾರಿಗೂ ಗೊತ್ತಿರದ ಮಾತು. ಮೇಡಂ, ಆ ಪತ್ರವನ್ನು ನಾನೇ ಬರೆದೆ.

ಕ್ಷಮೆಯನ್ನು ಇಲ್ಲಿ ಕೇಳುವುದಿಲ್ಲ. ಇಷ್ಟು ಜನರ ಮುಂದೆ ಕೇಳಿದರೆ ನಿಮಗೆ ಇಲ್ಲ ಎನ್ನಲು ಆಗುವುದಿಲ್ಲ, ಅದೂ ಒಂದು ಉಪಾಯವೇ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕೋಣೆಯ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಬಿಟ್ಟದ್ದು.

ಇಷ್ಟು ಹೊತ್ತು ಯಾರೂ ಎದ್ದು ಹೋಗಲಿಲ್ಲ. ಅದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.