ಗುಂಯ್ ನಿಂತ ಮೇಲೆ

ನಮ್ಮ ದೊಡ್ಡಮ್ಮನ ಮಗ ಈಗಲೂ ದೀಪ ಹಾಕಿಕೊಂಡೇ ಮಲಗೋದು. ಯಾಕೆ ಅಂತ ಹೇಳ್ತೀನಿ... ಸ್ವಲ್ಪ ಹತ್ತಿರ ಬನ್ನಿ.

ಅವನ ಕೆಲಸ ಒಂದು ಸಣ್ಣ ಸ್ಟುಡಿಯೋದಲ್ಲಿ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿಸಿ ರೆಕಾರ್ಡ್ ಮಾಡೋದು. ಗಾಜಿನ ಈ ಕಡೆ ಇವನು, ಆ ಕಡೆ ಓದುವವರು. ಸಂಜೆ ಅವರು ಹೋದರೆ ಇವನೊಬ್ಬನೇ. ದೊಡ್ಡಮ್ಮ ತೀರಿಕೊಂಡ ಮೇಲೆ ರೂಮಿಗೆ ಹೋಗೋಕೂ ಮನಸ್ಸಿರಲಿಲ್ಲ ಅವನಿಗೆ. ಬೀಗ ತೆಗೆದರೆ ಕತ್ತಲೆ, ಅಷ್ಟೇ.

ಆಗ ಸ್ಪೀಕರಿನಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ಗುಂಯ್ಯ್... ಅಂತ. ಮೈಕಿನ ವೈರನ್ನ ಕರೆಂಟಿನ ವೈರಿಂದ ದೂರ ಎಳೆದ. ವೈರಿನ ಸುತ್ತ ಹೆಣೆದಿರೋ ತಾಮ್ರದ ಬಲೆ ಬಿಟ್ಟುಕೊಂಡ ಕಡೆಯೆಲ್ಲ ಬೆಸುಗೆ ಹಾಕಿದ. ಜಪ್ಪಯ್ಯ ಅಂದ್ರೂ ಸದ್ದು ಹೋಗಲಿಲ್ಲ.

ಆ ರಾತ್ರಿ ಸೋತು, ಎಲ್ಲ ಆಫ್ ಮಾಡಿ ರೂಮಿಗೆ ಹೊರಟ. ಹಿತ್ತಿಲ ದಾರಿಯಲ್ಲಿ ಪಾಳು ಬಾವಿ. ಪಕ್ಕ ಬರುವಾಗ ಹೊಳೀತು... ಸ್ಟುಡಿಯೋದ ಅರ್ತ್ ತಂತಿ ನೆಲಕ್ಕೆ ಇಳಿಯೋದು ಇಲ್ಲೇ ಅಲ್ವಾ! ಟಾರ್ಚ್ ಹಾಕಿ ನೋಡಿದ. ಬೋಲ್ಟಿಗೆ ತುಕ್ಕು. ತಂತಿ ಸಡಿಲ. ಉಜ್ಜಿ, ಬಿಗಿ ಮಾಡಿ, ವಾಪಸ್ ಹೋಗಿ ಸ್ವಿಚ್ ಹಾಕಿದ.

ಗುಂಯ್ ನಿಂತಿತ್ತು. ಒಂದು ಚೂರೂ ಇಲ್ಲ. ಬೆನ್ನು ತಟ್ಟೋಕೆ ಯಾರಿದ್ದಾರೆ? ತನಗೆ ತಾನೇ "ಶಹಬ್ಬಾಸ್" ಅಂದುಕೊಂಡ.

ಆಗ ಸ್ಪೀಕರಿನಿಂದ... ಪಿಸುದನಿ. ಹೆಂಗಸಿನದು.

"ಊಟ ಆಯ್ತಾ?"

ಗಾಜಿನ ಆ ಕಡೆ ನೋಡಿದ. ಖಾಲಿ. ವೈರು ಎಲ್ಲೋ ರೇಡಿಯೋ ಹಿಡೀತಿರಬೇಕು ಅಂದುಕೊಂಡ. ಆದರೂ ಆ ಮಾತು ಕೇಳಿ ಎಷ್ಟು ಕಾಲ ಆಗಿತ್ತೋ... ಬಾಯಿ ತಾನಾಗಿ ಅಂದುಬಿಟ್ಟಿತು, "ಇನ್ನೂ ಇಲ್ಲ."

"ಯಾಕೋ?"

ಸ್ಪೀಕರಿನ ಹತ್ತಿರಕ್ಕೆ ಬಗ್ಗಿದ. "ಯಾರು... ನೀವು?"

"ದಿನಾ ಮಾತಾಡಿಸ್ತಿದ್ದೆ. ಆ ಸದ್ದಲ್ಲಿ ನಿನಗೆ ಕೇಳಿಸ್ತಾನೇ ಇರ್ಲಿಲ್ಲ."

ಮೈಕಿನ ಪ್ಲಗ್ ಕಿತ್ತ. ಠಪ್. ದನಿ ಹೋಗಲಿಲ್ಲ.

"ನಿನ್ನ ಮನೇಲಿ ಯಾರೂ ಇಲ್ಲ ಅಲ್ವಾ?... ಇಲ್ಲೂ ಯಾರೂ ಇಲ್ಲ. ಕೂತ್ಕೋ."

ಕೇಳಿ, ಅವನು ಕೂತ! ಒಂದು ಗಳಿಗೆ ಕೂತೇಬಿಟ್ಟ. ಅದನ್ನ ಹೇಳುವಾಗಲೇ ಅವನು ಮುಖ ಆ ಕಡೆ ತಿರುಗಿಸೋದು, ಭಯಕ್ಕಲ್ಲ. ಆಮೇಲೆ ಹೇಗೋ ಎದ್ದು ಮೇನ್ ಸ್ವಿಚ್ಚನ್ನೇ ಇಳಿಸಿದ. ಖಟ್. ಎಲ್ಲ ಕತ್ತಲು.

ದನಿ ಮತ್ತೆ ಬಂತು. ಈಗ ಸ್ಪೀಕರಿನಿಂದಲ್ಲ... ಗಾಜಿನ ಆ ಕಡೆಯಿಂದ.

"ಹೋಗ್ಬೇಡ ಕಣೋ..."

ಬಾಗಿಲಿಗೆ ಬೀಗ ಜಡಿದು, ಎದ್ದೆನೋ ಬಿದ್ದೆನೋ ಅಂತ ಓಡಿದ. ರೂಮಿಗಲ್ಲ, ಅಕ್ಕನ ಮನೆಗೆ. ಅವಳು ಏನೂ ಕೇಳದೆ ಚಾಪೆ ಹಾಸಿದಳು. "ಇನ್ಮೇಲೆ ಇಲ್ಲೇ ಇರು," ಅಂದಳು.

ಬೆಳಗಾದ ಮೇಲೆ ಭಾವ ಜೊತೆಗೆ ಬಂದರು. ಬಾಯಿಬಡುಕ ಮನುಷ್ಯ. "ದೆವ್ವಕ್ಕೂ ಸೌಂಡ್ ಚೆಕ್ ಮಾಡಿಸಿದ್ಯೇನೋ?" ಅಂತ ದಾರಿಯುದ್ದಕ್ಕೂ ನಗು.

ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಗಾಜಿನ ಆ ಕಡೆಯ ಕೋಣೆಯಲ್ಲಿ, ಓದುವವರ ಮೇಜಿನ ಮೇಲೆ ಹೆಡ್‌ಫೋನ್. ಭಾವ ಅದನ್ನ ಕೈಗೆತ್ತಿಕೊಂಡರು. ನಗು ನಿಂತುಹೋಯ್ತು.

ಅವರು ಸುಳ್ಳಾಡೋ ಪೈಕಿ ಅಲ್ಲ, ಹೋಗಿ ಕೇಳಿ ಬೇಕಾದರೆ. ಕಿವಿ ಒತ್ತೋ ಆ ಮೆತ್ತೆ... ಎರಡೂ ಕಡೆ ಬೆಚ್ಚಗಿತ್ತು.