ತಾರಾನ ಮೈಬಣ್ಣ

ಮಾತಿಗೂ ಮೊದಲಿದ್ದ, ಮೌನದಾಗೂ ಇರೋ ನನ್ನ ಶಿವಪ್ಪಾ, ನಿನಗ ಶರಣು.

...ಅಯ್ಯ, ಪರದೆ ಸರಸಬ್ಯಾಡ್ರಿ ಸಾಬಮ್ಮಕ್ಕಾ! ಅಬಿಡ್ಸ್ ಬೀದಿ ಬಿಸಿಲು ಒಳಗ ಬಂದ್ರ ಅಳತಿ ಕೆಡತೈತಿ. ಕೂಡ್ರಿ, ಹತ್ತ ನಿಮಿಷ. ಫೋಟೋಕ್ಕ ಬಂದ ತಾಯಂದಿರು ಬಾಗಲದಾಗ ನಿಂತಿರಲಿ. ಲ್ಯಾಪ್‌ಟಾಪಿನ ಮ್ಯಾಲೆ ಇಲಿ ಜೋತುಬಿದ್ದಂಗ ಐತಲ್ಲ, ಅದು ಸ್ಕ್ರೀನಿನ ಬಣ್ಣ ಅಳೆಯೋ ಯಂತ್ರ. ಕೆಂಪು, ಹಸಿರು, ನೀಲಿ... ತಪ್ಪಿದ್ದನ್ನ ತಿದ್ದತೈತಿ. ಯಾಕ ನಗತೀರಿ? ಈ ಹಂಪಯ್ಯನ ಫೋಟೋ ಸ್ಟುಡಿಯೋಕ್ಕೂ ಡಾಕ್ಟರ್ ಬಂದಾನ ಅಂತೇನು? ನಗ್ರಿ, ನಗ್ರಿ. ಮಗಳು ತಾರಾ ತೀರಿಹೋದ ಮ್ಯಾಲೆ ನೀವು ನಕ್ಕಿದ್ದೇ ನೋಡಿಲ್ಲ.

ತಾರಾನ ವರ್ಷದ ಪೂಜಿಗೆ ಫೋಟೋ ಬೇಕು, ಆಕಿ ಮೈಬಣ್ಣಾನೇ ಇರಬೇಕು ಅಂದ್ರಿ. ಬ್ಯಾರೆ ಫೋಟೋ ಇಲ್ಲ, ಆಕಿ ಫೋನು ಅತ್ತಿಮನಿಯವರೇ ಇಟಗೊಂಡ್ರು. ಆಗಲಿ, ಶಿವ ನಡಸ್ತಾನ. ಗಂಡಿಗೆ ಕಳಿಸಿದ ಫೋಟೋದಾಗ ಆಕಿ ಹಾಲಿನಂಗ ಬೆಳ್ಳಗ ಬಂದಿದ್ದು ಈ ಹಾಳ ಸ್ಕ್ರೀನಿನ ತಪ್ಪರಿ. ಅಳತಿ ಮಾಡಿರಲಿಲ್ಲ... ಸುಳ್ಳ ತೋರಿಸ್ತು. ದುಬೈದಾಗಿನ ಗಂಡು ಫೋಟೋ ನೋಡೇ ಒಪ್ಪಿದ. ಮದುವಿ ಅಕ್ಕಿಕಾಳು ಬಿದ್ದ ಮ್ಯಾಲೆ "ಫೋಟೋದಾಕಿ ಎಲ್ಲಿ?" ಅಂತ ಮನಿಮಂದಿಯೆಲ್ಲ ಕುಟುಕಿದ್ರು. ಕೂಸು ಉಣ್ಣೋದು ಬಿಟ್ಟು ಸೊರಗಿ ಸೊರಗಿ... ಶಿವಶಿವಾ.

ನೋಡ್ರಿ, ಬೂದುಬಣ್ಣ ಬಂತು. ಇದು ಬಂದ್ರ ನಂಗ ಭಾಳ ಅಂಜಿಕಿ ಅಕ್ಕಾ. ವಾರಾ ವಾರಾ ಅಳತಿ ಮಾಡತೀನಿ. ಖಾಲಿ ಬೂದುಬಣ್ಣದೊಳಗ ಎರಡು ಕಣ್ಣು ತೆರೀತಾವು. ತಾರಾನವು. ಸ್ಕ್ರೀನಿಗೆ ವಿಭೂತಿ ಹಚ್ಚಿ ನೋಡಿದೆ... ಹೋಗವಲ್ಲವು.

ಯಾಕ, ಗ್ವಾಡಿ ಕಡೆ ಏನ ನೋಡಾಕತ್ತೀರಿ? ಅದಾ... ನಿಮ್ಮ ತಮ್ಮ ಅಂಬಣ್ಣನ ಫೋಟೋ. ಮಾದರಿಗಂತ ತೂಗುಹಾಕೀನಿ. ಹೌದು, ತಾರಾನ ಸಂಗಾಟ ಬಂದು ತನ್ನದೊಂದು ತೆಗೆಸಿದ್ದ. ಅದೇ ದಿನ. ಇದೇ ಸ್ಕ್ರೀನು... ಆಂ? ಹೌದರಿ, ಕರ್ರಗೇ ಐತಿ. ಹ್ಯಾಂಗಿದ್ನೋ ಹಾಂಗೇ ಐತಿ.

ಅಕ್ಕಾ, ಬೈಯ್ರಿ, ಹೊಡೀರಿ. ಆ ಫೋಟೋ ತಂದು ಸ್ಕ್ರೀನಿಗೆ ಹಿಡೀಬ್ಯಾಡ್ರಿ...

ನಾನೇ. ಈ ಕೈಯಿಂದನೇ. ಬಡವರ ಹುಡುಗಿಗೆ ಛಲೋ ಮನಿ ಸಿಗಲಿ, ಪುಣ್ಯದ ಕೆಲಸ ಅಂತ... ನಿಮ್ಮನ್ನ ಒಂದ ಮಾತೂ ಕೇಳದ ಬೆಳ್ಳಗ ಮಾಡಿದೆ. ಮೊದಲಿನ ಫೋಟೋ ಉಳಿಸಲಿಲ್ಲ. ಯಂತ್ರ ಸ್ಕ್ರೀನ್ ತಿದ್ದತೈತಿ ಅಕ್ಕಾ, ಆಕಿ ಬಣ್ಣ ಎಲ್ಲಿಂದ ತಂದೀತು?

ಹೊಂಟ್ರ್ಯಾ? ಸಾಬಮ್ಮಕ್ಕಾ...

ಬಾಗಲದಾಗ ನಿಂತು ಕೇಳಿದ ತಾಯಂದಿರಾ, ಶಿವ ತಾನು ಕೊಟ್ಟ ಬಣ್ಣದಾಗೇ ನಿಮ್ಮ ಮಕ್ಕಳನ್ನ ನೂರು ವರ್ಷ ಇಡಲಿ. ನನ್ನಂಥವನ ಕೈಗೆ ಯಾರ ಮುಖಾನೂ ಕೊಡದಿರಲಿ.